ನೂಲಹುಣ್ಣಿಮೆಯ ಹೊಸಬ

ಎದುರಾಳಿ ದೇಶಗಳ ಕೂಟಕ್ಕೆ ಹೊಸ ದೇಶವೊಂದು ಸೇರಿದಾಗಲೆಲ್ಲ ಉತ್ತರದ ದೊಡ್ಡ ರಾಷ್ಟ್ರ ಕಾವಲಿಗೆಂದು ಆಕಾಶಕ್ಕೆ ಒಬ್ಬ ಚಂದ್ರನನ್ನು ಏರಿಸುತ್ತದೆ. ನಾನು ಚಿಕ್ಕವನಿದ್ದಾಗ ಇದ್ದವನು ಒಬ್ಬನೇ. ಈಗ ನಮ್ಮ ದಂಡೆಯಲ್ಲಿ ಒಬ್ಬೊಬ್ಬರಿಗೆ ನಾಲ್ಕಾರು ನೆರಳು.

ನೂಲಹುಣ್ಣಿಮೆಯಂದು ಕಡಲಿಗೆ ತೆಂಗಿನಕಾಯಿ ಬಿಡದೆ ನಾವು ದೋಣಿ ಇಳಿಸುವುದಿಲ್ಲ. ಹಳೆಯ ಚಂದ್ರ ಯಾರೆಂದು ತೋರಿಸುವುದು ಮೀನುಗಾರರ ಹಿರಿಯ, ಗುರಿಕಾರನಾದ ನನ್ನ ಕೆಲಸ. ಕಷ್ಟವೇನಿಲ್ಲ, ಕಡಲು ಉಬ್ಬುವುದು ಅವನಿಗೆ ಮಾತ್ರ.

ಈ ವರ್ಷ ಮೊದಲ ದೋಣಿ ಮೊಮ್ಮಗಳು ಕುಸುಮಳದು. ಸಂಜೆ ಗುಡ್ಡದ ಹಿಂದಿನಿಂದ, ನಿನ್ನೆಯವರೆಗೆ ಇಲ್ಲದ ಚಂದ್ರನೊಬ್ಬ ಎದ್ದ. ಅವನ ಮುಂದೆ ಗುಡ್ಡವೇ ಚಿಕ್ಕದಾಯಿತು.

"ಈ ಸಲ ದೊಡ್ಡ ದೇಶವೇ ಸೇರಿರ್ಬೇಕ್ ಅಜ್ಜಯ್ಯ," ಎಂದು ಕುಸುಮ ನಕ್ಕಳು. "ಕಾಯಿ ಬಿಡಿ, ಹೊರಡ್ತೆ."

"ತಡಿ ಮಗಾ. ಅವ ಕಾವಲಿನವ. ಕಡಲು ಅವನನ್ನ ಕ್ಯಾರೇ ಅನ್ನುದಿಲ್ಲ."

ಹೇಳಿ ಮುಗಿಸುವಷ್ಟರಲ್ಲಿ ಇಳಿತದ ಹೊತ್ತಿನ ಕಡಲು ಸದ್ದಿಲ್ಲದೆ ಬಂದು ನನ್ನ ಮೊಣಕಾಲು ಮುಟ್ಟಿತು. ಒಣ ಮರಳಿನ ಮೇಲಿದ್ದ ದೋಣಿಯನ್ನು, ಮಲಗಿದ ಮಗುವನ್ನು ತಾಯಿ ಎತ್ತಿದ ಹಾಗೆ, ಎತ್ತಿಕೊಂಡಿತು. ಕಡಲು ಇನ್ನೊಬ್ಬನಿಗೆ ಎದ್ದದ್ದನ್ನು ನಾನು ಈವರೆಗೆ ಕಂಡವನಲ್ಲ. ಕೈ ಮುಗಿದು ಕಾಯಿ ಬಿಟ್ಟೆ.

"ಹೊರಡ್ಲಾ?" ಕುಸುಮ ಪಿಸುಗುಟ್ಟಿದಳು.

"ಇವತ್ತು ಬೇಡ. ದೋಣಿಯನ್ನ ಮನೆ ಕಂಬಕ್ಕೆ ಕಟ್ಟು," ಎಂದೆ. "ಹಳಬ ಇನ್ನೂ ಬರ್ಬೇಕಷ್ಟೆ."