ಶಾವಿಗೆ ಹಾಡಿನ ಕಡೆಯ ಸಾಲು

ಮಣೆಯ ಮುಂದೆ ಕುಳಿತು ಶಾವಿಗೆ ಹೊಸೆಯುತ್ತಿದ್ದೆವು. ನಾನೊಬ್ಬಳೇ ಹಾಡುತ್ತಿದ್ದೆ. ನನ್ನ ಎಳೆ ನೂಲಿನಂತೆ ಇಳಿಯುತ್ತಿತ್ತು. ನೆರೆಮನೆಯ ಫಕ್ಕೀರವ್ವನದು ಹಗ್ಗದಂತೆ. ಹಾಡಿಲ್ಲದೆ ಕೈಗೆ ಲಯ ಎಲ್ಲಿಂದ ಬರಬೇಕು?

ಅಂತರ್ಜಾಲದ ಕಳ್ಳನಕಲು ತಡೆಯಲೆಂದು ಬಂದ ಕಾನೂನು ಆಮೇಲೆ ಗಂಟಲಿಗೂ ಇಳಿಯಿತು. ಎಲ್ಲರ ಗಂಟಲಲ್ಲೂ ಎಳ್ಳಿನಷ್ಟು ಯಂತ್ರ ಕೂರಿಸಿದರು. ಅಪ್ಪಣೆಯಿಲ್ಲದೆ ಇನ್ನೊಬ್ಬರು ಕಟ್ಟಿದ ಹಾಡು ಹಾಡಿದರೆ ಬಿಕ್ಕಳಿಕೆ; ಕಟ್ಟಿದವರು ಯಾರೆಂದು ಯಂತ್ರವೇ ಬಲ್ಲದು. ಈ ಹಾಡು ನಾನು ಕಟ್ಟಿದ್ದು. ನನ್ನ ಹೆಸರಿನಲ್ಲೇ ದಾಖಲಾಗಿದೆ.

"ಅಕ್ಕಾ, ನಾಡಿದ್ದು ಮಗಳ ಗಂಡನ ಮನಿಗೆ ಈ ಶಾವಿಗಿ ಹೋಗಬೇಕು. ಈ ಹಗ್ಗ ಎಮ್ಮಿ ಕಟ್ಟಾಕ ಕಳಿಸ್ಯಾರೇನು ಅಂತಾರ. ಹಾಡಾಕ ಅಪ್ಪಣಿ ಕೊಡವಾ," ಎಂದಳು ಫಕ್ಕೀರವ್ವ.

"ನನ್ನ ಹಾಡು ನನಗಿರಲಿ."

"ಹಂಗಾರ ಕಡೀ ಸಾಲೂ ಹಾಡು. ಯಾವಾಗ್ಲೂ ಅಲ್ಲಿಗೆ ಬಂದ ಕೂಡ್ಲೇ ಕೆಮ್ಮತೀಯಲ್ಲ!"

ರೋಷಕ್ಕೆ ಹಾಡಿಯೇಬಿಟ್ಟೆ. ಹಿಕ್! ಎಳೆ ತುಂಡಾಯಿತು.

ಅದೇ ಸಾಲನ್ನು ಫಕ್ಕೀರವ್ವ ಸಲೀಸಾಗಿ ಹಾಡಿ ತೋರಿಸಿದಳು. ಅದು ಅವಳದೇ. ಮೂವತ್ತು ವರ್ಷದ ಹಿಂದೆ ಶಾವಿಗೆ ಹೊಸೆಯುತ್ತಲೇ ಸೇರಿಸಿದ್ದಳು. ದಾಖಲೆ ಬರೆಸುವಾಗ ನಾನು ಅವಳ ಹೆಸರು ಬಿಟ್ಟಿದ್ದೆ. ಕಚೇರಿಯವರು ನಂಬಿದ್ದರು, ಗಂಟಲು ನಂಬಲಿಲ್ಲ.

"ನೀರು ಕುಡಿ, ಕಳ್ಳಿ," ಎಂದು ಅವಳು ಸೆರಗು ಬಾಯಿಗಿಟ್ಟು ನಕ್ಕಳು.

'ಹಾಡು ನಮ್ಮಿಬ್ಬರದು, ಯಾರಾದರೂ ಹಾಡಲಿ' ಎಂದು ಕಚೇರಿಗೆ ಬರೆದ ಕಾಗದ ಏಳು ವರ್ಷದಿಂದ ನನ್ನ ಫೋನಿನಲ್ಲೇ ಕೂತಿತ್ತು. ಓಣಿಯವರೆಲ್ಲ ಏನಂದಾರೆಂದು ನಾಚಿ ಕಳಿಸಿರಲಿಲ್ಲ. ಬಿಕ್ಕುತ್ತಲೇ ಹಿಟ್ಟಿನ ಬೆರಳಿನಿಂದ 'ಕಳಿಸು' ಒತ್ತಿದೆ. ಕಾಗದ ಹೋಯಿತು.