ನಿನ್ನದೇ ವಾಕ್ಯ

ಕೆಂಪು ಪೆನ್ನು ಹಿಡಿದು ಇಂಗ್ಲಿಷ್ ಉತ್ತರಪತ್ರಿಕೆ ತಿದ್ದುತ್ತಿದ್ದ ಅಧ್ಯಾಪಕಿಯ ಕೈ ಒಬ್ಬ ಹುಡುಗಿಯ ಉತ್ತರದ ಬಳಿ ನಿಂತಿತು. ಯಾವ ಪದದ ಪಕ್ಕ 'ಆಫ್', ಯಾವುದರ ಪಕ್ಕ 'ಆನ್' ಎನ್ನುವಲ್ಲಿ ಎಂ.ಎ. ತರಗತಿಗೆ ತರಗತಿಯೇ ಎಡವಿತ್ತು. ಇವಳದೊಂದು ಮಾತ್ರ ಎಲ್ಲವೂ ಸರಿ.

"ಕಾಪೀನೇ ಹೊಡ್ದಿರ್ತಾಳೆ, ಬಿಡಬೇಡ. ನನ್ನ ಸ್ಪೆಷಲ್ ಕ್ಲಾಸಿಗೂ ಬರೋದು ಬಿಟ್ಟಿದಾಳೆ," ಎಂದ, ಅದೇ ವಿಭಾಗದಲ್ಲಿ ಪಾಠ ಹೇಳುವ ಗಂಡ. ಕಾರಿನ ಹತ್ತಿರ ಕಾಯುತ್ತೇನೆಂದು ಕೆಳಗಿಳಿದು ಹೋದ.

ಅವಳು ಹುಡುಗಿಯನ್ನು ಕರೆಸಿದಳು.

"ಯಾರ್ದು ನೋಡಿ ಬರೆದೆ?"

"ಯಾರ್ದೂ ಇಲ್ಲ ಮೇಡಂ. ಹಾಸ್ಟೆಲಲ್ಲಿ ಕೂತು ಬಾಯಿಪಾಠ ಮಾಡ್ದೆ."

"ಸ್ಪೆಷಲ್ ಕ್ಲಾಸಿಗೆ ಹೋಗಕ್ಕೇನು ಕಷ್ಟ? ಅಷ್ಟೊಂದು ಜಾಣೆ ಆಗ್ಬಿಟ್ಯಾ?"

ಹುಡುಗಿ ತಲೆ ತಗ್ಗಿಸಿದಳು. ಅಧ್ಯಾಪಕಿಯ ಅನುಮಾನ ಗಟ್ಟಿಯಾಯಿತು.

"ಸರಿ, 'ಅಫ್ರೇಡ್' ಹಾಕಿ ಒಂದು ವಾಕ್ಯ ಹೇಳು ನೋಡೋಣ. ಪುಸ್ತಕದ್ದು ಬೇಡ, ನಿನ್ನದೇ ಆಗಿರ್ಬೇಕು."

ಹುಡುಗಿ ಹೋಗಿ ಬಾಗಿಲು ಮುಚ್ಚಿ ಬಂದಳು.

"ಐ ಆಮ್ ಅಫ್ರೇಡ್ ಆಫ್ ಯುವರ್ ಹಸ್ಬೆಂಡ್, ಮೇಡಂ."

ಕೆಳಗಿನಿಂದ ಕಾರಿನ ಹಾರ್ನ್ ಕೇಳಿಸಿತು. ಅವಳು ಪತ್ರಿಕೆಗೆ ಪೂರ್ತಿ ಅಂಕ ಹಾಕಿ, ಹುಡುಗಿಯ ಕೈ ಹಿಡಿದು, ಹಿಂದಿನ ಮೆಟ್ಟಿಲಿಳಿದು ಕುಲಪತಿಗಳ ಕಚೇರಿಯತ್ತ ನಡೆದಳು.