ಗಾರೆಯಲ್ಲಿ ಬಳೆ ಗುರುತು

ಮಸೀದಿಯ ಹಳೆಯ ಗೋಡೆಯಿಂದ ಸುಣ್ಣದ ಪದರ ಕೆರೆಯುತ್ತಿದ್ದ ಅಖ್ತರ್‌ಬೀ ಕೈ ನಿಲ್ಲಿಸಿದಳು. ಕೆಳಗಿನ ಗಾರೆಯಲ್ಲಿ ಪುಟ್ಟ ಅಂಗೈಯೊಂದರ ಅಚ್ಚು ಮೂಡಿತ್ತು; ಮಣಿಕಟ್ಟಿನ ಜಾಗದಲ್ಲಿ ಬಳೆಗಳ ನಾಲ್ಕು ಗೆರೆಗಳಿದ್ದವು. ತ್ಯಾವಣಿಗೆಯಲ್ಲೇ ಹುಟ್ಟಿ ಬೆಳೆದರೂ ಅವಳು, ಹೆಂಗಸರು ಒಳಗೆ ಹೋಗುವ ರೂಢಿಯಿಲ್ಲದ ಈ ಮಸೀದಿಯೊಳಗೆ ಮೊದಲ ಸಲ ಕಾಲಿಟ್ಟದ್ದು ಈ ಕೂಲಿ ಕೆಲಸಕ್ಕೆಂದೇ.

“ಬೇಗ ಮುಗಿಸಮ್ಮ, ಮಧ್ಯಾಹ್ನ ಟೈಲ್ಸ್ ಕೂರಿಸಾಕೆ ಶುರು ಮಾಡ್ಬೇಕು,” ಎಂದ ಮೇಸ್ತ್ರಿ ಮಾಲತೇಶ್.

ಅವಳು ಗೋಡೆಗೆ ಅಡ್ಡ ನಿಂತಳು. “ಜಹಾಂಗೀರ್ ಸಾಬ್ರನ್ನ ಕರೀರಿ. ಅವರು ನೋಡೋವರೆಗೂ ಇದನ್ನ ಮುಚ್ಚಬ್ಯಾಡ್ರಿ.”

ಕಮಿಟಿ ಅಧ್ಯಕ್ಷ ಜಹಾಂಗೀರ್ ಬಂದು, ಕನ್ನಡಕ ಏರಿಸಿ ಗುರುತನ್ನು ದಿಟ್ಟಿಸಿದರು. “ಮುನ್ನೂರು ವರ್ಷದ ಗೋಡೆ ಇದು. ಆಗ ಹೆಂಗಸ್ರು ಒಳಗೆ ನಮಾಜಿಗೆ ಬರ್ತಿದ್ರಾ?”

“ಅದು ಗೊತ್ತಿಲ್ರಿ. ಗಾರೆ ಮೆತ್ತಾಕೆ ಬಂದಿರ್ಬೇಕು, ನನ್ನಂಗೆ.”

ಜಹಾಂಗೀರ್ ಬಳೆಯ ಗೆರೆಗಳ ಮೇಲೆ ಬೆರಳಾಡಿಸಿದರು. ಆಮೇಲೆ ಮೇಸ್ತ್ರಿಯ ಕಡೆ ತಿರುಗಿದರು. “ಈ ಗೋಡೆಗೆ ಟೈಲ್ಸ್ ಬ್ಯಾಡ ಮಾಲತೇಶ್, ಹಿಂಗೇ ಇರ್ಲಿ.” ಮತ್ತೆ ಅವಳಿಗೆ, “ಒಳಗೆ ಇನ್ನೂ ಎಷ್ಟು ಕೈ ಇದಾವೋ, ನೋಡ್ಕೊಂಡು ಕೆರಿಯಮ್ಮ,” ಎಂದರು.

ಅಖ್ತರ್‌ಬೀ ಉಳಿಯನ್ನು ಕೆಳಗಿಟ್ಟು, ಸೆರಗಿನ ತುದಿಯಿಂದ ಸುಣ್ಣದ ಪುಡಿ ಒರೆಸತೊಡಗಿದಳು.